ಎರಡನೇ ಕ್ಲಾಸಿನ ತಪ್ಪದ ತಾಳ

ಗೆಳೆಯರೇ, ಏಳು ವರ್ಷದ ಮೂವತ್ತು ಮಕ್ಕಳು ಒಟ್ಟಿಗೆ, ಒಂದೇ ಒಂದು ತಪ್ಪಿಲ್ಲದೆ ಆದಿತಾಳ ಹಾಕಿದರೆ ಸಂಗೀತ ಹೇಳಿಕೊಡುವವರು ಯಾರೂ ನಂಬಬಾರದು. ನಾನಂತೂ ಇವತ್ತು ನಂಬಲಿಲ್ಲ.

ಜಯನಗರದ ಒಂದು ಶಾಲೆಯಲ್ಲಿ ನಾನು ಸಂಗೀತದ ಮಿಸ್. ಹೋದ ವಾರದವರೆಗೂ ಈ ಮಕ್ಕಳು ತೊಡೆ ತಟ್ಟಿ, ಕಿರುಬೆರಳು ದಾಟಿ ಉಂಗುರದ ಬೆರಳಿಗೆ ಬರುವಷ್ಟರಲ್ಲೇ ದಾರಿ ತಪ್ಪುತ್ತಿದ್ದರು. ಇವತ್ತು ನನ್ನ ಕೈ ನೋಡಿ ಕಾಪಿ ಹೊಡೆಯದಿರಲೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸರಳೆ ವರಸೆ ಹಾಡಿಸಿದೆ. ಎಂಟೂ ಎಣಿಕೆ ಸರಿ!

ಮೊದಲ ಅನುಮಾನ ಬಾಗಿಲಲ್ಲಿ ನಿಂತಿದ್ದ ಆಯಾ ಗೌರಮ್ಮನ ಮೇಲೆ.

"ನೀವೇನಾದ್ರೂ ತೋರಿಸ್ಕೊಡ್ತಿದೀರಾ?"

"ಅಯ್ಯೋ, ನಂಗೇನ್ ಗೊತ್ತು ಮಿಸ್ ತಾಳ ಗೀಳ?" ಎಂದು ಮುಖ ಊದಿಸಿಕೊಂಡು ಹೋದರು. ಬಾಗಿಲು ಹಾಕಿದೆ. ಆಗಲೂ ಸರಿ. ನನ್ನ ಹಿಂದೆ ಗಡಿಯಾರವೇನಾದರೂ ಇದೆಯೇ ಎಂದು ಸರಕ್ಕನೆ ತಿರುಗಿದೆ. ಬರೀ ಬೋರ್ಡು. ಆದರೆ ನಾನು ತಿರುಗಿದ್ದೇ ತಡ, ತಾಳ ಚೆಲ್ಲಾಪಿಲ್ಲಿ.

ಮುಂದಿನ ಸಾಲಿನ ಧೃತಿಯನ್ನು ಹಿಡಿದೆ. "ಏನ್ ನೋಡ್ಕೊಂಡು ಹಾಕ್ತಿದೀರ? ನಿಜ ಹೇಳು."

"ನಿಮ್ ಹೊಸ ಜುಮಕಿ ಮಿಸ್! ಹಾಡ್ವಾಗ ತಲೆ ಆಡಿಸ್ತೀರಲ್ಲ, ಏಟು ಬಂದ್ರೆ ಅದು ಜೋರಾಗಿ ಕುಣಿಯತ್ತೆ. ಬೆರಳು ಬಂದ್ರೆ ಮೆಲ್ಲಗೆ."

ಎರಡೂ ಬಿಚ್ಚಿ ಪರ್ಸಿಗೆ ಹಾಕಿ ಮತ್ತೆ ಹಾಡಿಸಿದೆ. ಮೂವತ್ತು ಮಕ್ಕಳು, ಮೂವತ್ತು ತಾಳ.

ಶನಿವಾರ ಸ್ಕೂಲ್ ಡೇ, ಅಪ್ಪ ಅಮ್ಮಂದಿರೆಲ್ಲ ಬರುತ್ತಾರೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ದೊಡ್ಡ ಜುಮಕಿ ಇದ್ದರೆ ತಿಳಿಸಿ. ಕೊನೆಯ ಸಾಲಿನ ಮಕ್ಕಳಿಗೂ ಕಾಣಬೇಕು.