ಸಕ್ಕರೆಯಿಲ್ಲದ ಚಹಾಕ್ಕೊಂದು ಚಮಚ
ನಮ್ಮ ಕೆಳಗಿನ ಮನೆಯ ಕಿನುಯೊ ಅಜ್ಜಿಗೆ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ನಾರಿನ ಪುಡಿಯೇ ದೇವರು. ಗಂಡ ತೊಕುಜಿ ಅಜ್ಜನ ಅನ್ನಕ್ಕೆ, ಸೋಯಾಕಾಳಿನ ಮಿಸೊ ಸಾರಿಗೆ, ಚಹಾಕ್ಕೆ ಅದನ್ನು ಕದ್ದು ಬೆರೆಸುತ್ತಾರೆ. ನಾನು ಮೆಟ್ಟಿಲಲ್ಲಿ ಜಾರಿ ಬಿದ್ದಾಗಲೂ ಕೊಟ್ಟದ್ದು ಅದೇ ಪೊಟ್ಟಣ. ‘ಬಣ್ಣ ಇಲ್ಲ, ರುಚಿ ಇಲ್ಲ. ಇವರಿಗೆ ಸಕ್ಕರೆ ಕಾಯಿಲೆ, ಇದು ಸಕ್ಕರೆ ಏರದ ಹಾಗೆ ತಡೆಯತ್ತೆ; ಹೇಳಿ ಕೊಟ್ರೆ ಮುಟ್ಟಲ್ಲ. ನಾನು ಹಾಕೋದು ಗೊತ್ತೇ ಇಲ್ಲ ಪಾಪ,’ ಎಂದು ಪಿಸುಗುಟ್ಟುತ್ತಾರೆ. ನಮ್ಮ ಹಸಿರು ಚಹಾಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ; ಅದರಲ್ಲಿ ಚಮಚ ಆಡಿಸುವ ಸದ್ದು ಇಡೀ ಬೀದಿಯಲ್ಲಿ ಕೇಳುವುದು ಅವರೊಬ್ಬರ ಮನೆಯಲ್ಲೇ. ಆ ಸದ್ದಾದಾಗ ತೊಕುಜಿ ಅಜ್ಜ ಪತ್ರಿಕೆಯಲ್ಲಿ ಮುಖ ಹುದುಗಿಸುತ್ತಾರೆ. ಮೊನ್ನೆ ಅಜ್ಜಿ ಕೈ ಮುರಿದುಕೊಂಡು ಮಲಗಿದರು. ಅಜ್ಜ ತಾವೇ ಚಹಾ ಮಾಡಿಕೊಂಡು, ಪುಡಿ ಹಾಕಿ, ಒಳಕೋಣೆಗೆ ಕೇಳುವ ಹಾಗೆ ಚಮಚ ಆಡಿಸಿದರು. ಒಳಗಿನಿಂದ ಅಜ್ಜಿಯ ದನಿ ಬಂತು: ‘ಇನ್ನೆರಡು ಸುತ್ತು ತಿರುಗಿಸ್ರೀ, ಗಂಟು ಉಳಿಯತ್ತೆ.’