ಇವಳಿಗೆ ಹಗುರವಾದದ್ದೇನಾದರೂ ಕೊಡಿ

ನನ್ನ ಅಣ್ಣ ರೇಜಿಸ್ ತುಂಬ ಒಳ್ಳೆಯವನು ಎಂದು ಉತ್ತರ ಫ್ರಾನ್ಸಿನ ನಮ್ಮ ಅರಾಸ್ ಊರೆಲ್ಲ ಹೇಳುತ್ತದೆ. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಅವಳ ಹುಟ್ಟುಹಬ್ಬ ಮರೆತವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಅವನು ಕೆಟ್ಟವನಾಗಿದ್ದರೆ ಅತ್ತಿಗೆ ಓದೀಲ್ ಎಂದೋ ಬಾಗಿಲು ಹಾಕಿಕೊಂಡು ಹೊರಟುಹೋಗಿರುತ್ತಿದ್ದಳು.

ಓದೀಲ್ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು. ಮಕ್ಕಳು ತುಂಬಿದ ಬಡಮನೆಯಲ್ಲಿ ಹುಟ್ಟಿದವಳು. ಅಲ್ಲಿ ಮಾಂಸ ಅಪ್ಪನಿಗೆ, ಸಾರು ಉಳಿದವರಿಗೆ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳು ಉಣ್ಣುವುದನ್ನು ನೋಡುವುದೇ ಒಂದು ಖುಷಿ. ತಟ್ಟೆಯಲ್ಲಿ ಉಳಿದ ರಸವನ್ನೆಲ್ಲ ಬ್ರೆಡ್ಡಿನ ತುಂಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಇನ್ನೊಂದು ಸೌಟು ಇದೆಯೇ ಎಂದು ನಮ್ಮಮ್ಮನನ್ನು ಕೇಳುತ್ತಿದ್ದಳು.

ಮಗಳು ಸೋಲೆನ್ ಹುಟ್ಟಿದ ಮೇಲೆ ಅವಳಿಗೆ ಪಿತ್ತಕೋಶದ ಆಪರೇಷನ್ ಆಯಿತು. ಡಾಕ್ಟರು ಜಿಡ್ಡು ಬೇಡ ಎಂದರು. ಅಲ್ಲಿಂದ ಮುಂದೆ ಹೋಟೆಲಿಗೆ ಹೋದಲ್ಲೆಲ್ಲ ಅಣ್ಣ ಮಾಣಿಗೆ ಹೇಳುವುದು ಒಂದೇ ಮಾತು: "ಇವಳಿಗೆ ಹಗುರವಾದದ್ದೇನಾದರೂ ಕೊಡಿ." ಬೇಯಿಸಿದ ಮೀನು ಬರುತ್ತಿತ್ತು, ಇಲ್ಲವೇ ಸೂಪು. ಮೊದಮೊದಲು ಅವಳಿಗೆ ಅದು ಅಕ್ಕರೆ ಅನ್ನಿಸಿತಂತೆ. ಆಮೇಲೆ, ಊಟದ ಮೇಜಿನಲ್ಲಿ ಜಗಳ ಯಾಕೆ ಅನ್ನಿಸಿತಂತೆ. ಕೊನೆಗೆ ಮಾಣಿಗಳು ಅವಳ ಮುಖ ನೋಡುವುದನ್ನೇ ಬಿಟ್ಟರು.

ನಿವೃತ್ತಿಯಾದ ಮೇಲಿನ ಮೊದಲ ರಜೆಗೆ ಲಿಯೋನ್‌ಗೆ ಹೋಗೋಣ ಎಂದವಳು ಅವಳೇ. ನಮ್ಮ ಕಡೆಯವರು ರಜೆ ಬಂದರೆ ಸಮುದ್ರಕ್ಕೆ ಓಡುತ್ತಾರೆ. ಅವಳಿಗೆ ಉಣ್ಣುವವರ ಊರು ಬೇಕಿತ್ತು.

ಮೊದಲ ದಿನ ಅಣ್ಣ ಸೀಗಡಿ ರಸದಲ್ಲಿ ಮುಳುಗಿದ ಮೀನಿನ ಕಡುಬು ತಿಂದ, ಅವಳಿಗೆ ಸೂಪು ತರಿಸಿದ. ಪ್ರಯಾಣದ ಆಯಾಸ, ಹೋಗಲಿ ಎಂದುಕೊಂಡಳು. ಮರುದಿನ ಹಳೇ ಪೇಟೆಯಲ್ಲಿ, ಮನೆಗಳ ಹೊಟ್ಟೆಯೊಳಗಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟುವ ಓಣಿಗಳನ್ನು ತೋರಿಸುತ್ತಿದ್ದ ಗೈಡ್ ಹುಡುಗಿ, ಅಲ್ಲಿದ್ದ ಒಂದು ಗೋಪುರ ಹತ್ತುತ್ತೀರಾ ಎಂದು ಓದೀಲಳನ್ನು ಕೇಳಿದಳು. ಅವಳು ಬಾಯಿ ತೆರೆಯುವ ಮೊದಲೇ ಅಣ್ಣ, ಅವಳಿಗೆ ಮೆಟ್ಟಿಲು ಆಗುವುದಿಲ್ಲ ಎಂದ. ಅಂದು ಬೆಳಿಗ್ಗೆಯೇ, ಅವನಿನ್ನೂ ಮಲಗಿದ್ದಾಗ, ಅವಳು ನದಿಯ ದಂಡೆಯಿಂದ ಫೂರ್ವಿಯೇರ್ ಗುಡ್ಡದ ಇಗರ್ಜಿಯವರೆಗೆ ನಡೆದೇ ಹತ್ತಿ ಇಳಿದಿದ್ದಳು. ಅದನ್ನು ಅವನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಚೌಕಳಿ ಮೇಜುಬಟ್ಟೆಯ ಒಂದು ಚಿಕ್ಕ ಖಾನಾವಳಿಗೆ ಹೋದರು. ಅಣ್ಣ ಕೋಟು ಕಳಚುತ್ತಿರುವಾಗಲೇ ಅವಳು ಮಾಣಿಯನ್ನು ಕರೆದು, ಬ್ರೆಡ್ಡಿನ ಪುಡಿ ಹಚ್ಚಿ ಹುರಿದ ಬೋಟಿ ಬೇಕೆಂದಳು. ತನಗೂ ಅದೇ ಇರಲಿ ಎಂದ ಅಣ್ಣ. ಸ್ವಲ್ಪ ಹೊತ್ತಿಗೆ ಕೈ ತೊಳೆದು ಬರುತ್ತೇನೆಂದು ಎದ್ದುಹೋದ. ಊಟ ಬಂದಾಗ ಅವನ ಮುಂದೆ ಬೋಟಿ, ಅವಳ ಮುಂದೆ ಸೊಪ್ಪಿನ ಸಲಾಡು.

"ನಾನು ಬೋಟಿ ಹೇಳಿದ್ದೆ," ಎಂದಳು ಓದೀಲ್.

ಮಾಣಿ ಅಣ್ಣನ ಕಡೆ ನೋಡಿದ. "ಸಾಹೇಬ್ರು ಬಂದು ಬದಲಾಯ್ಸಿದ್ರು, ಮೇಡಂ."

"ನಿನ್ನ ಒಳ್ಳೇದಕ್ಕೇ ಕಣೇ," ಎಂದ ರೇಜಿಸ್. "ಡಾಕ್ಟ್ರು ಏನಂದಿದ್ರು, ಮರೆತ್ಯಾ?"

"ಡಾಕ್ಟ್ರು ಅಂದಿದ್ದು ಒಂದು ತಿಂಗಳಿಗೆ. ಆಗ ಸೋಲೆನ್ ತೊಟ್ಟಿಲಲ್ಲಿದ್ಲು. ಈಗ ಅವಳಿಗೇ ಇಬ್ಬರು ಮಕ್ಕಳು."

ಅವನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಸಲಾಡನ್ನು ಅವನ ಕಡೆ ತಳ್ಳಿದಳು. ಅವನ ಕಣ್ಣನ್ನೇ ನೋಡುತ್ತ ಕೊಯ್ದು ಕೊಯ್ದು ತಿನ್ನತೊಡಗಿದಳು. ಪಕ್ಕದ ಮೇಜಿನವರ ಮಾತು ನಿಂತಿತು. ಅಣ್ಣನ ಕಿವಿಗಳು ಕೆಂಪಾದವು.

"ಜನ ನೋಡ್ತಿದ್ದಾರೆ, ಓದೀಲ್."

"ನೋಡ್ಲಿ. ಇಷ್ಟು ವರ್ಷ ಯಾರೂ ನನ್ನ ಕಡೆ ತಿರುಗಿಯೂ ನೋಡಿಲ್ಲ."

ಕೊನೆಯ ಚೂರಿನವರೆಗೂ ತಿಂದಳು. ಆದರೆ ರುಚಿ ಏನೆಂದು ತನಗೆ ತಿಳಿಯಲೇ ಇಲ್ಲ ಎಂದು ಆಮೇಲೆ ನನ್ನ ಬಳಿ ಹೇಳಿಕೊಂಡಳು. ಬಾಯಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟು ಕಾಲ ಕಾದಿದ್ದ ಊಟವನ್ನೂ ಅವನು ಕೆಡಿಸಿದನಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮರುದಿನ ಅವಳೊಬ್ಬಳೇ ಬೇರೊಂದು ಖಾನಾವಳಿಗೆ ಹೋದಳು. ಒಂಟಿ ಹೆಂಗಸೆಂದು ಅಲ್ಲಿಯ ಮಾಣಿ ಅವಳನ್ನು ಶೌಚಾಲಯದ ಬಾಗಿಲ ಪಕ್ಕ ಕೂರಿಸಲು ಹೊರಟ. ಕಿಟಕಿಯ ಹತ್ತಿರದ ಮೇಜು ಖಾಲಿಯಿತ್ತು. ಹೋಗಿ ಅಲ್ಲೇ ಕುಳಿತಳು. ಅದು ಇಬ್ಬರ ಮೇಜು ಎಂದು ಅವನು ಗೊಣಗಿದ. ಇಬ್ಬರ ಪಾಲನ್ನೂ ತಾನೇ ತಿನ್ನುತ್ತೇನೆ ಎಂದಳು. ಬೋಟಿ ಬಂತು, ಅಂದು ಅದರ ರುಚಿ ತಿಳಿಯಿತು. ಗುಲಾಬಿ ಬಣ್ಣದ ಬಾದಾಮಿ ಕಡುಬೂ ಬಂತು. ಹೊಟ್ಟೆಗೆ ಏನೂ ಆಗಲಿಲ್ಲ.

ಊರಿಗೆ ಬಂದ ಮೇಲೆ ಅವಳು ಸೋಲೆನ್‌ಳ ಹಳೇ ಕೋಣೆಯಲ್ಲಿ ಮಲಗತೊಡಗಿದಳು. ಇಂದಿಗೂ ಅಲ್ಲೇ ಮಲಗುತ್ತಾಳೆ. ಬರುವ ವಸಂತಕ್ಕೆ ಆಸ್ಪತ್ರೆಯ ಗೆಳತಿಯ ಜೊತೆ ಮಾರ್ಸೇಗೆ ಹೋಗಲು ರೈಲು ಟಿಕೆಟ್ ತೆಗೆಸಿದ್ದಾಳೆ.

ಮೊನ್ನೆ ಅಣ್ಣ ಫೋನ್ ಮಾಡಿ, ಅತ್ತಿಗೆಗೆ ನೀನಾದರೂ ಬುದ್ಧಿ ಹೇಳು ಎಂದ. ಮೊದಲು ನೀನು ಹೋಗಿ ತಪ್ಪಾಯಿತು ಅನ್ನು ಎಂದೆ.

"ಯಾವ ತಪ್ಪು?" ಎಂದ. "ಹೆಂಡ್ತಿ ಹೊಟ್ಟೆ ಬಗ್ಗೆ ಕಾಳಜಿ ಮಾಡಿದ್ದಾ?"

ಅವನ ದನಿಯಲ್ಲಿ ನಾಟಕವಿರಲಿಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ನಾನು ಫೋನ್ ಇಟ್ಟುಬಿಟ್ಟೆ.