ಹರಕು ಸ್ವೆಟರಿನ ಗಂಟು ಮತ್ತು ಪೂನಮ್

ಅಂದಾನೆಪ್ಪನವರು ಗಂಟಿನ ಹೊಲಿಗೆ ಬಿಚ್ಚಿ ಮೊದಲನೆಯ ಸ್ವೆಟರನ್ನು ಎತ್ತಿ ಹಿಡಿದರು. ಅದರ ತೋಳಿನ ತೂತಿನೊಳಗಿಂದ ಅವರಿಗೆ ಕಂಡದ್ದು ಎದುರು ನಿಂತಿದ್ದ ಪೂನಮ್‌ಳ ಮುಖ.

"ತಂಗಿ, ಇದನ್ನ ಇಲಿ ಕಡದಾವೋ, ಹಿಂಗ ಹೆಣದಾರೋ?"

"ಹಿಂಗ ಹೆಣದಾರ್ರಿ ಸಾವಕಾರ್ರ."

ಬೈಲಹೊಂಗಲದ ಬಜಾರಿನಲ್ಲಿ ಅಂದಾನೆಪ್ಪನವರದು ಮೂವತ್ತು ವರ್ಷದ ಬಟ್ಟೆ ಅಂಗಡಿ. ಪ್ರತಿ ಚಳಿಗಾಲಕ್ಕೂ ಫೋನಿನಲ್ಲೇ ಹೇಳಿ ಹೆಂಗಸರ ಸ್ವೆಟರ್ ತರಿಸುತ್ತಾರೆ. ಮರೂನು, ನೀಲಿ, ಕಂದು. ಮುಂದೆ ಗುಂಡಿ, ಎರಡು ಕಿಸೆ. ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಕಳಿಸಿದವರ ಕೈತಪ್ಪಿನಿಂದ, ಯಾವುದೋ ದೊಡ್ಡ ಪಟ್ಟಣಕ್ಕೆ ಹೋಗಬೇಕಾಗಿದ್ದ ಗಂಟು ಇಲ್ಲಿಗೆ ಬಂದುಬಿಟ್ಟಿತ್ತು. ಅರವತ್ತು ಸ್ವೆಟರ್, ಅರವತ್ತೂ ಕಪ್ಪು. ಕೆಲವುಗಳ ಎದೆಯ ಮೇಲೆ ಬಿಳಿ ದಾರದ ಪಕ್ಕೆಲುಬು, ಕೆಲವುಗಳ ಮೇಲೆ ಬಾವಲಿ, ಜೇಡರ ಬಲೆ. ಹಲವಕ್ಕೆ ಬೇಕೆಂದೇ ಬಿಟ್ಟ ಉದ್ದುದ್ದ ತೂತು, ತೋಳಿಗೆ ಸಾಲಾಗಿ ಚುಚ್ಚಿದ ಸೇಫ್ಟಿ ಪಿನ್ನು, ಸಣ್ಣ ಸರಪಳಿ. ಚೀಟಿಗಳ ಮೇಲೆ ‘ಗಾಥಿಕ್’, ‘ಪಂಕ್’ ಎಂದು ಪರದೇಶಿ ಫ್ಯಾಶನ್ನುಗಳ ಹೆಸರು ಬರೆದಿತ್ತು. ಕಳಿಸಿದವರು ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಫೋನಿಟ್ಟರು.

ಪೂನಮ್ ಸಂಗೊಳ್ಳಿಯ ಹುಡುಗಿ, ಆಗ ಇಪ್ಪತ್ಮೂರು. ತಂದೆ ಪರಪ್ಪ ಪಂಪಿನ ಮೋಟಾರು ರಿಪೇರಿ ಮಾಡುತ್ತಾರೆ. ನಾನು ಕನ್ನಡ ಕಲಿಸುವ ಕಾಲೇಜಿನಲ್ಲಿಯೇ ಅವಳು ಬಿ.ಎ. ಓದುತ್ತಿದ್ದಳು. ತಾಯಿ ಹಾಸಿಗೆ ಹಿಡಿದಾಗ ಎರಡನೆಯ ವರ್ಷಕ್ಕೆ ಬಿಟ್ಟಳು. ತಾಯಿ ಉಳಿಯಲಿಲ್ಲ, ಮಗಳು ಕಾಲೇಜಿಗೆ ತಿರುಗಿ ಬರಲಿಲ್ಲ. ಅಂದಾನೆಪ್ಪನವರ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸುವುದು, ಗಿರಾಕಿ ಹೋದ ಮೇಲೆ ಮಡಚಿಡುವುದು ಅವಳ ಕೆಲಸವಾಯಿತು. ಎರಡು ವರ್ಷ ಅದನ್ನೇ ಮಾಡಿದ್ದ ಹುಡುಗಿ ಆ ದಿನ ಮೊದಲ ಸಲ ತಾನಾಗಿ ಒಂದು ಮಾತು ಕೇಳಿದಳು.

"ಒಂದ ವಾರ ಬಾಗಲಾನ ಗೊಂಬಿ ನನಗ ಬಿಡ್ರಿ. ನಾ ನೋಡತೇನಿ."

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಚೀಟಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿದಾಗ ಕಂಡ ಚಿತ್ರದಂತೆಯೇ ಗೊಂಬೆಗೆ ಪಕ್ಕೆಲುಬಿನ ಸ್ವೆಟರ್ ಹಾಕಿ, ಕಪ್ಪು ಪ್ಯಾಂಟು ಏರಿಸಿ, ಕೊರಳಿಗೆ ಸರಪಳಿ ಸುತ್ತಿ, ಕಾಡಿಗೆಯಿಂದ ತುಟಿ ಬಳಿದು ಬಾಗಿಲಲ್ಲಿ ನಿಲ್ಲಿಸಿದಳು. ತಾಯಿಯ ಬಗಲಲ್ಲಿದ್ದ ಕೂಸೊಂದು ನೋಡಿ ಕಿಟಾರನೆ ಕಿರುಚಿತು. ಎದುರಿನ ಕಿರಾಣಿ ಅಂಗಡಿಯವರು ರಸ್ತೆ ದಾಟಿ ಬಂದರು.

"ಅಂದಾನೆಪ್ಪಾರ, ದಿನಾ ಮುಂಜಾನೆ ಬಾಗಲಾ ತಗದ ಕೂಡ್ಲೆ ನಾವು ಇದರ ಮಾರಿ ನೋಡಬೇಕೇನ್ರಿ?"

ಮಧ್ಯಾಹ್ನದೊಳಗೆ ಗೊಂಬೆ ಒಳಗೆ ಹೋಯಿತು. ಪೂನಮ್ ಅದರ ತುಟಿ ಒರೆಸುತ್ತಾ ಕೂತಿದ್ದಳು. "ಫೋನಿನ್ಯಾಗಿನ ಹುಡುಗಿ ಬ್ಯಾರೆ ಕಡಿಯಾಕಿ ಮೇಡಂ," ಎಂದು ಆಮೇಲೆ ನನಗೆ ಹೇಳಿದಳು. "ಆಕಿಗೆ ಸಂಗೊಳ್ಳಿ ಬಸ್ಸಿಗೆ ನಿಂದ್ರೂದಿರೂದಿಲ್ಲ. ನಮ್ಮ ಮಂದಿ ಹೆಂಗ ಹಾಕ್ಕೋಬೇಕು ಅನ್ನೂದನ್ನ ನಾ ವಿಚಾರನ ಮಾಡಿರಲಿಲ್ಲ."

ಮರುದಿನ ಗೊಂಬೆಯ ಬದಲು ತಾನೇ ಹಾಕಿಕೊಂಡಳು. ತೂತು ಹೆಚ್ಚಿದ್ದ, ತೋಳಿಗೆ ಪಿನ್ನಿದ್ದ ಸ್ವೆಟರ್. ಒಳಗೆ ಕೆಂಪು ಖಣದ ಕುರ್ತಾ. ಕಪ್ಪಿನ ಒಂದೊಂದು ತೂತಿನಲ್ಲೂ ಕೆಂಪಿನ ಒಂದೊಂದು ಪಟ್ಟಿ. ಪರಪ್ಪ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ಯವ್ವಾ, ಹರದೈತಲ್ಲ."

"ಹರದಿಲ್ಲಪ್ಪಾ. ಹಂಗ ಬಿಟ್ಟಾರ."

"ಥಂಡಿ ಹೊಗತೈತಿ."

"ಒಳಗ ಖಣದ್ದೈತಿ."

ಪರಪ್ಪ ಅವಳ ಸುತ್ತ ಒಂದು ಸುತ್ತು ಬಂದು, "ಕೆಂಪ ಚಂದ ಕಾಣತೈತಿ ಬಿಡು," ಎಂದು ಮತ್ತೆ ಪಂಪು ಹಿಡಿದರು.

ಬಸ್ಸಿನಲ್ಲಿ ಎಲ್ಲರೂ ಅವಳನ್ನು ನೋಡಿದರು. ಅವಳು ಹೆಂಗಸರನ್ನು ನೋಡಿದಳು. ನರ್ಸು, ಅಂಗನವಾಡಿ ಟೀಚರು, ಸಂತೆಗೆ ಹೊರಟವರು, ಎಲ್ಲರ ಮೈಮೇಲೂ ಅದೇ ಗುಂಡಿಯ ಸ್ವೆಟರ್. ಕೆಲವರದು ಗಂಡನದು, ಕೆಲವರದು ಅಣ್ಣನದು. ಸೆರಗು ಒಳಗೆ ಮುದ್ದೆಯಾಗಿ, ಭುಜ ಜೋತು, ಚಳಿ ಬಂದರೆ ಸಾಕು ಹೆಂಗಸರೆಲ್ಲ ಒಂದೇ ಆಕಾರಕ್ಕೆ ಬರುತ್ತಾರಲ್ಲ ಎಂದು ಅವಳಿಗೆ ಅವತ್ತು ಹೊಳೆಯಿತು.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಬಗಲಿಗೆ ಕೃಷ್ಣವ್ವನ ಚಹಾದ ಗಾಡಿ. ಅರವತ್ತರ ಹತ್ತಿರದ, ಬಾಯಿ ಜೋರಿನ ಹೆಂಗಸು. ಪೂನಮ್‌ಳನ್ನು ಕಂಡವಳೇ ಕರೆದಳು.

"ಏ ಹುಡುಗಿ, ಏನಿದು ಅವತಾರ? ತೋಳಿಗೆ ಪಿನ್ನಾ ಯಾಕ ಹಚಗೊಂಡೀದಿ?"

"ಫ್ಯಾಶನ್ ಆಯಿ."

ಕೃಷ್ಣವ್ವ ನಕ್ಕು ತನ್ನ ಮುಂಗೈ ಮುಂದೆ ಚಾಚಿದಳು. ಹಸಿರು ಬಳೆಗಳಿಗೆ ಏಳೆಂಟು ಪಿನ್ನು ಜೋತಾಡುತ್ತಿದ್ದವು. "ಇವೇನು ಮತ್ತ? ಲಗ್ನ ಆದಾಗಿಂದ ನಾ ಹಚಗೊಂಡೇನಿ. ನನಗ್ಯಾರೂ ಫ್ಯಾಶನ್ ಅನ್ನಲಿಲ್ಲ."

ಪೂನಮ್ ಅಂಗಡಿಗೆ ಓಡಿ, ಅಂದಾನೆಪ್ಪನವರನ್ನು ಕೇಳಿ ಮೂರು ಸ್ವೆಟರ್ ಹಿಡಿದುಕೊಂಡು ತಿರುಗಿ ಬಂದಳು. ಒಲೆಯ ಮಸಿ, ಎಣ್ಣೆಯ ಕಲೆ ಕಾಣುವುದಿಲ್ಲವೆಂದು ಕೃಷ್ಣವ್ವನಿಗೆ ಕಪ್ಪು ಬಣ್ಣವೇ ಹಿಡಿಸಿತು. ಒಂದರ ಎದೆಯ ಮೇಲೆ ಬೆರಳಿಟ್ಟಳು.

"ಇದ್ಯಾವ ಹಕ್ಕಿ?"

"ತೊಗಲಬಾವಲಿ ಆಯಿ. ಅಂಜಿಕಿ ಬರತೈತೇನು?"

"ನಮ್ಮ ಹುಣಸಿ ಗಿಡದಾಗ ಹಿಂಡಗಟ್ಟಲೆ ಜೋತಾಡತಾವ. ಅವಕ್ಕೇನ್ ಅಂಜೂದು?"

"ಮಂದಿ ಕರೇದು ಚಲೋ ಅಲ್ಲ ಅಂತಾರ."

"ಸಂಕ್ರಮಣಕ್ಕ ಚಂದ್ರಕಾಳಿ ಸೀರಿ ಉಡೂದಿಲ್ಲೇನ್ ನಾವು? ಅದೂ ಕರೇದ. ತಾ ಇಲ್ಲೆ."

ಪೂನಮ್ ಗಾಡಿಯ ಮರೆಯಲ್ಲಿ ಸೆರಗನ್ನು ಬಿಚ್ಚಿಸಿ, ಕುಪ್ಪಸದ ಮೇಲೆ ಸ್ವೆಟರ್ ತೊಡಿಸಿ, ಸೆರಗನ್ನು ಅದರ ಮೇಲೆ ಹೊದಿಸಿದಳು. ಕೃಷ್ಣವ್ವನ ಬಳೆಯಿಂದಲೇ ಐದು ಪಿನ್ನು ತೆಗೆದು ಭುಜದ ಮೇಲೆ ಒಂದರ ಕೆಳಗೊಂದು ಸಾಲಾಗಿ ಹಚ್ಚಿದಳು. ತೋಳನ್ನು ಎರಡು ಮಡಿಕೆ ಮಡಚಿದಳು. ಸೆರಗಿನ ಅಂಚಿನಿಂದ ಬಾವಲಿಯ ಒಂದೇ ರೆಕ್ಕೆ ಇಣುಕಿತು. ಕೃಷ್ಣವ್ವ ಸ್ಟೀಲಿನ ಕಿಟ್ಲಿಯಲ್ಲಿ ತನ್ನನ್ನು ನೋಡಿಕೊಂಡು, ಬಗ್ಗಿ ಎದ್ದು, ಎರಡು ಕೈಯೂ ಆಡಿಸಿದಳು.

"ಸೆರಗ ಒಲಿಗೆ ಬೀಳಂಗಿಲ್ಲ ಈಗ. ಇದು ಬೇಷ್ ಆತು."

ಬಸ್‌ಸ್ಟ್ಯಾಂಡಿಗೆ ಬರುವವರೆಲ್ಲ ಕೃಷ್ಣವ್ವನ ಚಹಾ ಕುಡಿಯುವವರೇ. ಆ ವಾರದಲ್ಲಿ ಅಂಗಡಿಗೆ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಸ್ಕೂಟಿ ಓಡಿಸುವ ನರ್ಸಿಗೆ ಪೂನಮ್ ಕುತ್ತಿಗೆ ಮುಚ್ಚುವ ಕಾಲರಿನದು, ತೋಳಿನ ತುದಿಗೆ ಹೆಬ್ಬೆರಳಿನ ತೂತಿದ್ದದ್ದು ಕೊಟ್ಟಳು. ಗಿಡ್ಡ ಹುಡುಗಿಯೊಬ್ಬಳಿಗೆ ಮೊಣಕಾಲು ಮುಟ್ಟುತ್ತಿದ್ದ ಸ್ವೆಟರಿನ ಸೊಂಟಕ್ಕೆ ಬೆಲ್ಟು ಕಟ್ಟಿಸಿದಳು. ನಾನು ಹೋದಾಗ ಜೇಡರ ಬಲೆಯದನ್ನು ಆರಿಸಿ, ಜರಿಯ ಸೀರೆಯ ಮೇಲೆ ಹಿಡಿದು ತೋರಿಸಿದೆ. ಪೂನಮ್ ತಲೆ ಅಲ್ಲಾಡಿಸಿದಳು.

"ಮ್ಯಾಲಿಂದು ಮಾತಾಡಾಕ ಹತ್ತಿದ್ರ ಕೆಳಗಿಂದು ಸುಮ್ಮ ಇರಬೇಕ್ರಿ ಮೇಡಂ. ಬೂದಿ ಬಣ್ಣದ ಕಾಟನ್ ಸೀರಿ ಐತೇನ್ರಿ ನಿಮ್ಮ ಕಡೆ?"

ಇತ್ತು. ಅಂದಿನಿಂದ ಚಳಿಯಲ್ಲಿ ನನ್ನ ವೇಷ ಅದೇ.

ಡಿಸೆಂಬರಿನಲ್ಲಿ ನಮ್ಮ ಕಾಲೇಜಿನಲ್ಲೇ ತಕರಾರು ಎದ್ದಿತು. ಅಂತಿಮ ವರ್ಷದ ಸಪ್ನಾ ಮತ್ತು ಅವಳ ಗೆಳತಿಯರು, ಒಟ್ಟು ಎಂಟು ಮಂದಿ ತೂತಿನ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಪ್ರಾಚಾರ್ಯರು ಹರಕು ಬಟ್ಟೆಗೆ ಅವಕಾಶವಿಲ್ಲ ಎಂದು ಅವರನ್ನು ವರಾಂಡದಲ್ಲಿ ನಿಲ್ಲಿಸಿದರು. ನಾನು ಸಮಾಧಾನ ಹೇಳಿದ್ದನ್ನು ಅವರು ಕೇಳಲಿಲ್ಲ. ಸಪ್ನಾ ಪೂನಮ್‌ಗೆ ಫೋನು ಮಾಡಿದಳು. ಊಟದ ಬಿಡುವಿನಲ್ಲಿ ಪೂನಮ್ ನಡೆದೇ ಬಂದಳು. ಕಾಲೇಜು ಬಿಟ್ಟ ಮೇಲೆ ಅವಳು ಆ ಗೇಟು ದಾಟಿದ್ದು ಅದೇ ಮೊದಲು.

"ಸರ್, ಎರಡ ಮಿನಿಟ ಕೊಡ್ರಿ."

ಪ್ರಾಚಾರ್ಯರು ಗಡಿಯಾರ ನೋಡಿ ಒಪ್ಪಿದರು. ಪೂನಮ್ ದಾರಿಯಲ್ಲಿ ಹೋಗುತ್ತಿದ್ದ, ಮರೂನು ಸ್ವೆಟರಿನ ಗುಂಡಿಯನ್ನು ಕೊರಳತನಕ ಹಾಕಿಕೊಂಡಿದ್ದ ಹುಡುಗಿಯನ್ನು ಕರೆದು ಸಪ್ನಾಳ ಬಗಲಿಗೆ ನಿಲ್ಲಿಸಿದಳು. ಸಪ್ನಾಳ ಸಮವಸ್ತ್ರದ ಕಾಲರನ್ನು ಹೊರಗೆ ತೆಗೆದಳು, ಸರಪಳಿಗೆ ಐ.ಡಿ. ಕಾರ್ಡು ಸಿಕ್ಕಿಸಿದಳು, ಹೊಟ್ಟೆಯ ಹತ್ತಿರದ ದೊಡ್ಡ ತೂತನ್ನು ಪಿನ್ನಿನಿಂದ ಕೂಡಿಸಿದಳು.

"ಸರ್, ಯೂನಿಫಾರ್ಮ್ ಕಾಣಬೇಕು ಅನ್ನೂದು ನಿಮ್ಮ ರೂಲು. ಮರೂನಿನ ಹುಡುಗಿ ಮ್ಯಾಲೆ ಯೂನಿಫಾರ್ಮ್ ಎಲ್ಲೈತಿ ತೋರಸ್ರಿ?"

ಎಲ್ಲೂ ಕಾಣುತ್ತಿರಲಿಲ್ಲ. ಸಪ್ನಾಳ ಮೈಮೇಲೆ ಒಂದೊಂದು ತೂತಿನಿಂದಲೂ ಕಾಲೇಜಿನ ಆಕಾಶನೀಲಿ ಕಾಣುತ್ತಿತ್ತು.

"ಹರಕ ಇದ್ದದ್ದಕ್ಕ ಕಾಣಾಕ ಹತ್ತೈತ್ರಿ ಸರ್."

ಮೊದಲು ನಕ್ಕವಳು ನಾನೇ ಇರಬೇಕು. ಪ್ರಾಚಾರ್ಯರು ನಗಲಿಲ್ಲ, ಆದರೆ ಎರಡೂ ಸ್ವೆಟರನ್ನು ಮತ್ತೊಮ್ಮೆ ನೋಡಿದರು. ಎಲುಬಿನ ಚಿತ್ರ ಬೇಡ, ಸರಪಳಿ ಗೇಣುದ್ದಕ್ಕಿಂತ ಹೆಚ್ಚು ಬೇಡ, ಉಳಿದದ್ದು ನಡೆಯಲಿ ಎಂದರು. ಪೂನಮ್ ವಾದ ಬೆಳೆಸಲಿಲ್ಲ. "ಎಲುಬಿಂದು ಕ್ಲಾಸಿಗೆ ಬ್ಯಾಡಂತ ನಾನೂ ಹೇಳಿದ್ದೆರಿ ಸರ್," ಎಂದು ಒಬ್ಬಳ ಉದ್ದ ಸರಪಳಿಯನ್ನು ಅಲ್ಲೇ ಬಿಚ್ಚಿ ಕಿಸೆಗೆ ಹಾಕಿಕೊಂಡಳು.

ಗೇಟಿನ ಹತ್ತಿರ ಅವಳನ್ನು ಹಿಡಿದೆ. ಇಷ್ಟು ದಿನ ಒಮ್ಮೆಯೂ ಯಾಕೆ ಇತ್ತ ಬರಲಿಲ್ಲ ಎಂದು ಕೇಳಿದೆ.

"ಈ ಗೇಟ ಕಂಡ್ರ ಅವ್ವನ ದವಾಖಾನಿ ದಿನಗೋಳು ನೆನಪಾಕ್ಕಿದ್ವು ಮೇಡಂ. ಇವತ್ತ ಪಿನ್ನಾ ಎಲ್ಲೆ ಹಚ್ಚಬೇಕು ಅನ್ನೂದ ತಲಿಯಾಗಿತ್ತು. ಒಳಗ ಬಂದದ್ದ ಗೊತ್ತಾಗಲಿಲ್ಲ."

ಓದು ಮುಗಿಸು ಎಂದೆ. "ನೋಡೂಣ್ರಿ," ಎಂದಳು. ಇನ್ನೂ ನೋಡುತ್ತಲೇ ಇದ್ದಾಳೆ. ನಾನೂ ಕೇಳುವುದು ಬಿಟ್ಟಿಲ್ಲ.

ಸಂಕ್ರಮಣದ ಹೊತ್ತಿಗೆ ಗಂಟು ಖಾಲಿಯಾಯಿತು. ಮರುವರ್ಷ ಸ್ವೆಟರ್ ತರಿಸುವಾಗ ಅಂದಾನೆಪ್ಪನವರು ಫೋನನ್ನು ಪೂನಮ್ ಕೈಗೆ ಕೊಟ್ಟು, "ನಿನಗ ಬೇಕಾದ್ದು ಹೇಳವ್ವಾ," ಎಂದರು. ಕಿತ್ತೂರಿನಲ್ಲಿ ಹೆಂಗಸರ ಬಟ್ಟೆಗೆಂದೇ ಎರಡನೆಯ ಅಂಗಡಿ ತೆರೆದಾಗ ಅದರ ಕೀಲಿಯನ್ನೂ ಅವಳಿಗೇ ಕೊಟ್ಟರು. ಅಲ್ಲಿಗೆ ಅವಳು ಕೇಳಿ ಹಾಕಿಸಿಕೊಂಡದ್ದು ಎದುರುಬದುರು ನಿಲ್ಲಿಸಿದ ಎರಡು ಆಳೆತ್ತರದ ಕನ್ನಡಿ.

ಹೋದ ಡಿಸೆಂಬರಿನಲ್ಲಿ ನಾನಲ್ಲಿ ಕೂತಿದ್ದಾಗ ದೊಡವಾಡದ ಒಬ್ಬ ಹೆಂಗಸು ಬಂದರು. ನನ್ನಷ್ಟೇ ವಯಸ್ಸು, ಐವತ್ತರ ಆಚೆ. ಕಡು ನೇರಳೆಯ, ಬೆನ್ನಿಗೆ ಹಗ್ಗದಂತೆ ಹೆಣಿಗೆ ಇಳಿದ, ಟೊಪ್ಪಿಗೆ ಇದ್ದ ಸ್ವೆಟರನ್ನು ಹಾಕಿಕೊಂಡು ಬಹಳ ಹೊತ್ತು ಮುಂದಿನ ಕನ್ನಡಿಯನ್ನಷ್ಟೇ ನೋಡಿದರು.

"ನನ್ನ ವಯಸ್ಸಿಗೆ ಒಪ್ಪತೈತೇನ ತಂಗಿ?"

"ಒಂದ ಸಲ ತಿರುಗ್ರಿ. ಬೆನ್ನೂ ನೋಡಕೋರಿ. ಆಮ್ಯಾಲೆ ನೀವ ಹೇಳ್ರಿ ನನಗ."

ಅವರು ತಿರುಗಿದರು. ಇನ್ನೊಮ್ಮೆ ತಿರುಗಿದರು. ದುಡ್ಡು ಎಣಿಸಿ ಕೊಟ್ಟರು. ಹಾಕಿಕೊಂಡು ಬಂದಿದ್ದ ಹಳೆಯ ಸ್ವೆಟರನ್ನು ಚೀಲಕ್ಕೆ ತುರುಕಿ, ನೇರಳೆಯದನ್ನು ಮೈಮೇಲೇ ಇಟ್ಟುಕೊಂಡು, ಟೊಪ್ಪಿಗೆ ಏರಿಸಿ ಬಸ್ಸಿಗೆ ಹೊರಟರು.